ಹೊಗೆಗಿಂತ ಮೊದಲು ಬಂದ ಮೀನು

ವನಜಾ ಮಾಮಿ ಏನನ್ನೇ ಓದಲಿ, ಕೊನೆಯಿಂದ ಶುರುಮಾಡುತ್ತಿದ್ದರು. ಮದುವೆಯ ಕರೆಯೋಲೆ ಕೊಟ್ಟರೆ ಮೊದಲು ಹಿಂಬದಿ ತಿರುಗಿಸುವರು. ಕೆಮ್ಮಿನ ಔಷಧದ ಜೊತೆ ಬರುವ ಚೀಟಿಯನ್ನೂ ಕೆಳಗಿನಿಂದ ಮೇಲಕ್ಕೆ ಓದುವರು.

"ಕೊಡ್ತೀವಿ ಅನ್ನೋದನ್ನ ಎಲ್ರೂ ಮುಂದೆ ದಪ್ಪಕ್ಷರದಲ್ಲಿ ಹಾಕ್ತಾರೆ, ಕಣ್ಣಾ. ಕೊಡಲ್ಲ ಅನ್ನೋದು ಹಿಂದುಗಡೆ ಇರುವೆ ಸಾಲಿನ ಹಾಗೆ ಕೂತಿರತ್ತೆ."

ಅವರು ವಿಮೆಯ ವ್ಯಾಜ್ಯಗಳನ್ನು ನಡೆಸುವ ವಕೀಲರು. ತಾಂಬರಂನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿದ್ದರು. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮನೆತನ; ಅವರ ಕನ್ನಡದ ನಡುವೆ ತಮಿಳು ಕೇಳದೆಯೇ ಬಂದು ಕೂರುತ್ತಿತ್ತು. ಕಾನೂನನ್ನು ಅವರು ಅಡುಗೆಮನೆಗೂ ತರುತ್ತಿದ್ದರು. ಇಡ್ಲಿ ಹಿಟ್ಟು ಹುಳಿಯಾದ ದಿನ ಮಗಳು ಸುಧಾ ಗೊಣಗಿದರೆ, "ಇದು ಪ್ರಕೃತಿ ವಿಕೋಪ. ನನ್ನ ಹೊಣೆಗೆ ಬರಲ್ಲ, ಪೋ" ಎಂದು ಅದನ್ನೇ ದೋಸೆ ಹುಯ್ಯುವರು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಒಂದು ಮೀನಿನ ದೆಸೆಯಿಂದ.

ನಮ್ಮ ಮನೆಯ ಕೆಳಗೆ ಸೆಲ್ವಿಯ ಹಿಟ್ಟಿನ ಗಿರಣಿ ಇದೆ. ಒಂದು ಚಂಡಮಾರುತದ ಬೆಳಗ್ಗೆ ಹತ್ತಿರದ ಕೆರೆ ಕೋಡಿ ಬಿದ್ದು ನೀರು ಬೀದಿಗೆ ಬಂತು, ಬೀದಿಯಿಂದ ಗಿರಣಿಗೆ ನುಗ್ಗಿತು. ಮೋಟಾರು ಸುಟ್ಟುಹೋಯಿತು. ಆಗ ನಾನು ಅಕ್ಕಿಯ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ವಿಮಾ ಕಂಪನಿಯವರು ಪರಿಹಾರ ಕೊಡಲಾಗದು ಎಂದರು. ಪ್ರವಾಹದಿಂದ ಆದ ನಷ್ಟಕ್ಕೆ ವಿಮೆ ಇದೆ, ಆದರೆ ಯಂತ್ರ ತನ್ನದೇ ವಿದ್ಯುತ್ ದೋಷದಿಂದ ಸುಟ್ಟರೆ ಇಲ್ಲ. ಇದು ನೀರು ಬರುವ ಮೊದಲೇ ತಾನಾಗಿ ಸುಟ್ಟದ್ದು ಎಂಬುದು ಅವರ ವಾದ.

ಸೆಲ್ವಿ ಅಳಲಿಲ್ಲ. "ಗಿರಣಿ ಹೋದರೆ ಮತ್ತೆ ಹೊಲಿಗೆ ಕಂಪನಿಗೇ ಹೋಗಬೇಕು ಅಕ್ಕಾ" ಎಂದಳು, ತಮಿಳಿನಲ್ಲಿ. "ಅಲ್ಲಿ ನೀರು ಕುಡಿಯೋಕೂ ಸೂಪರ್‌ವೈಸರ್ ಮುಖ ನೋಡಬೇಕು. ಇಲ್ಲಿ ನಾನೇ ಸೂಪರ್‌ವೈಸರ್."

ಅವಳನ್ನು ಮಾಮಿಯ ಬಳಿಗೆ ಕರೆದುಕೊಂಡು ಹೋದೆ. ಮಾಮಿ ಪಾಲಿಸಿಯನ್ನು ಹಿಂದಿನಿಂದ ಓದಿ ಮುಗಿಸಿ ನನ್ನ ಕಡೆ ತಿರುಗಿದರು. "ನೀನು ನೋಡಿದೆಯಲ್ಲ, ಹೇಳು."

"ಸಮುದ್ರವೇ ನುಗ್ಗಿದ ಹಾಗೆ ನೀರು..."

"ಸಮುದ್ರ ರಾಯಪುರಂನಲ್ಲಿದೆ. ತಾಂಬರಕ್ಕೆ ಯಾವ ಟ್ರೇನ್ ಹಿಡಿದು ಬಂತು?"

ಸೆಲ್ವಿ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಆ ಬೆಳಗ್ಗೆಯನ್ನು ನೆನೆದರೆ ಆಗ ನನ್ನ ಕೈ ನಡುಗುತ್ತಿತ್ತು. ಮಾಮಿ ನನ್ನ ಕೈಗೆ ಕಾಫಿಯ ಲೋಟ ಕೊಟ್ಟರು. "ಪರವಾಯಿಲ್ಲ, ನಡುಗಲಿ. ಕೈ ನಡುಗಿದ್ರೂ ಕಣ್ಣು ನೋಡಿರತ್ತೆ. ಕಂಡಿದ್ದನ್ನ ಕಂಡ ವರಿಸೆಯಲ್ಲಿ, ಒಂದಾದ ಮೇಲೊಂದು, ಹೇಳು. ಅನ್ನಿಸಿದ್ದು ನನಗೆ ಬೇಡ."

ಅದೇ ವರಿಸೆಯಲ್ಲಿ ಹೇಳುತ್ತಾ ಹೋದೆ. ಮೋಟಾರಿನಿಂದ ಹೊಗೆ ಎದ್ದ ಮಾತು ಬಂದಾಗ ನಿಲ್ಲಿಸಿ, "ಇದನ್ನ ಬಿಟ್ಟುಬಿಡ್ಲಾ ಮಾಮಿ? ಕಂಪನಿಯವರಿಗೆ ಅನುಕೂಲ ಆಗತ್ತೆ" ಎಂದೆ.

"ಬಿಟ್ರೆ ಅವರೇ ಎತ್ತಿಕೊಂಡು ಬರ್ತಾರೆ. ನೀನೇ ತೊಗೊಂಡು ಹೋಗು."

ಗ್ರಾಹಕರ ಆಯೋಗದಲ್ಲಿ ಕಂಪನಿಯ ವಕೀಲರು ಸಾಕ್ಷಿಯಾಗಿದ್ದ ನನ್ನನ್ನು ಪ್ರಶ್ನಿಸಲು ಅನುಮತಿ ಪಡೆದಿದ್ದರು. ಒಳ್ಳೆಯ ಮನುಷ್ಯನ ಹಾಗೆ ಕಂಡರು, ಮೆಲ್ಲಗೆ ಕೇಳಿದರು.

"ಮೋಟಾರಿನಿಂದ ಹೊಗೆ ಬಂತೇ?"

"ಬಂತು."

ನನ್ನ ಹಿಂದೆ ಸೆಲ್ವಿಯ ಬಳೆಗಳ ಸದ್ದಾಯಿತು. ವಕೀಲರು ಮುಗುಳ್ನಕ್ಕರು.

"ನಿಮಗೆ ತುಂಬ ಭಯವಾಗಿತ್ತು, ಅಲ್ಲವೇ?"

"ಹೌದು. ಕಾಲು ಕಿತ್ತಿಡಲು ಆಗಲಿಲ್ಲ."

"ಹಾಗಾದರೆ ಮೊದಲು ಹೊಗೆಯೋ, ಮೊದಲು ನೀರೋ, ಹೇಗೆ ಹೇಳುತ್ತೀರಿ?"

"ಮೀನನ್ನು ನೋಡಿದ್ದೆ."

ಆಯೋಗದ ಅಧ್ಯಕ್ಷೆ ತಲೆಯೆತ್ತಿದರು. ನಾನು ನಿಧಾನವಾಗಿ ಹೇಳಿದೆ. ಗಿರಣಿ ಓಡುತ್ತಿತ್ತು. ಹೊಸ್ತಿಲು ದಾಟಿ ಚಹಾದ ಬಣ್ಣದ ನೀರು ಬಂತು, ಅದರ ಜೊತೆ ಮೀಸೆಯ ಮೀನೊಂದು ಬಂತು. ಕಟ್ಟೆಯ ಮೇಲಿದ್ದ ಸೆಲ್ವಿ "ಅಕ್ಕಾ, ಮೀನು!" ಎಂದು ಕೂಗಿ ಸ್ವಿಚ್ಚಿನ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಮೋಟಾರು ಮುಳುಗಿ ಅದರ ಸದ್ದು ಬದಲಾಯಿತು. ಆಮೇಲೆ ಹೊಗೆ.

"ಹೊಗೆ ಬಂದಾಗ ಮೀನು ಎಲ್ಲಿತ್ತು?" ಅಧ್ಯಕ್ಷೆಯೇ ಕೇಳಿದರು.

"ಒಳಗೆ. ಅಕ್ಕಿ ಮೂಟೆಯ ಪಕ್ಕ."

ಕಂಪನಿಯ ವಕೀಲರೂ ನಕ್ಕರು. ಮಾಮಿ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಮ್ಮ ಸರದಿ ಬಂದಾಗ ಅವರು ಹೇಳಿದ್ದು ಸ್ವಲ್ಪವೇ: ಮೋಟಾರನ್ನು ಸುಟ್ಟದ್ದು ವಿದ್ಯುತ್ ದೋಷವೇ ಇರಬಹುದು, ಆದರೆ ಆ ದೋಷವನ್ನು ಕರೆತಂದದ್ದು ಪ್ರವಾಹ. ಪಾಲಿಸಿಯ ಮಾತು ಇಲ್ಲಿ ಅಸ್ಪಷ್ಟವಾಗಿದ್ದರೆ, ಅದನ್ನು ಬರೆದವರು ಕಂಪನಿಯವರು. ಸಂದೇಹದ ಲಾಭ ಕೊಂಡವಳಿಗೆ ಸೇರಬೇಕು.

ತೀರ್ಪು ಸೆಲ್ವಿಯ ಕಡೆಗಾಯಿತು. ಹೊಸ ಮೋಟಾರನ್ನು ಅವಳು ಎದೆಯೆತ್ತರದ ಕಟ್ಟೆಯ ಮೇಲೆ ಕೂರಿಸಿದ್ದಾಳೆ. "ಮೀನು ಈಗ ಏಣಿ ತರಬೇಕು" ಎನ್ನುತ್ತಾಳೆ.

ಹೃದಯ ಸೋತು ಮಾಮಿ ಹಾಸಿಗೆ ಹಿಡಿದಾಗ, ಸೆಲ್ವಿ ಬೀಸಿಕೊಟ್ಟ ಹಿಟ್ಟಿನಿಂದ ಚಕ್ಕುಲಿ ಮಾಡಿಕೊಂಡು ನೋಡಲು ಹೋದೆ. ಕರಿದದ್ದನ್ನು ಮಿತವಾಗಿ ತಿನ್ನಬೇಕೆಂದು ಡಾಕ್ಟರು ಬರೆದಿದ್ದಾರೆ ಎಂದು ಸುಧಾ ಬಾಗಿಲಲ್ಲೇ ಎಚ್ಚರಿಸಿ ಒಳಗೆ ಹೋದಳು. ಮಾಮಿ ಡಬ್ಬಿಗೆ ಕೈಹಾಕಿದರು.

"ಮಿತ ಅಂದ್ರೆ ಎಷ್ಟು ಅಂತ ಡಾಕ್ಟರು ಬರೆದಿಲ್ಲ. ಬರೆದೋರು ಅವರು. ಸಂದೇಹದ ಲಾಭ ನನಗೆ."

ಸುಧಾ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಅಮ್ಮ ಎಷ್ಟು ತಿಂದ್ಲು? ನೀವೇ ಹೇಳಿ ಅಕ್ಕಾ."

ಮಾಮಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಒಂದು ತಿಂದದ್ದು ಕಂಡೆ" ಎಂದೆ. "ಇನ್ನೊಂದು ದಿಂಬಿನ ಕೆಳಗೆ ಹೋದದ್ದೂ ಕಂಡೆ."

"ಅಡಿಪಾವಿ!" ಎಂದು ತಮಿಳಿನಲ್ಲಿ ಬೈದರು ಮಾಮಿ. ಆಮೇಲೆ ಉಸಿರು ಕಟ್ಟುವಷ್ಟು ನಕ್ಕು, ಮಗಳಿಗೆ ನನ್ನನ್ನು ತೋರಿಸಿದರು. "ನೋಡು, ಇವಳನ್ನ ತಯಾರು ಮಾಡಿದ್ದು ನಾನು."

ಕೆಲವು ದಿನಗಳ ನಂತರ ಸುಧಾ ಫೋನು ಮಾಡಿ ಮಾಮಿ ಹೋದರೆಂದು ಹೇಳಿದಳು. ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ. ಅದರ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ. ನಾನು ಕಡೆಯದಾಗಿ ಕಂಡಾಗ ಅವರು ದಿಂಬಿಗೊರಗಿ ಕೂತಿದ್ದರು, ಸೀರೆಯ ಮೇಲೆ ಬಿದ್ದ ಚಕ್ಕುಲಿಯ ಪುಡಿಯನ್ನು ಬೆರಳ ತುದಿಗೆ ಒತ್ತಿಕೊಂಡು ಬಾಯಿಗಿಡುತ್ತಿದ್ದರು.