ಕೋಟೆಯಲ್ಲಿ ಯಾರೂ ಇಲ್ಲದ ನವರಾತ್ರಿ

ಮಾಮಿ ಮಾತಾಡುವಾಗ ಅವರ ತುಟಿಗಳ ನಡುವೆ ಗುಂಡುಪಿನ್ನುಗಳು ಕುಣಿಯುತ್ತಿದ್ದವು. ಸೀರೆಯ ಸೆರಗಿಗೆ, ಶಾಲೆಯ ನಕಾಶೆಗೆ, ಗೊಂಬೆ ಮೆಟ್ಟಿಲ ಬಟ್ಟೆಗೆ, ಯಾವುದಕ್ಕಾದರೂ ಒಂದು ಪಿನ್ನು ಬೇಕಾಗಿಯೇ ಇರುತ್ತಿತ್ತು. ಅದು ಸಿದ್ಧವಾಗಿರುವ ಜಾಗ ಬಾಯಿ. ಪಿನ್ನು ಕಚ್ಚಿಕೊಂಡೇ ಅವರು ಬೈಯಬಲ್ಲರು, ನಗಬಲ್ಲರು, ತಮಿಳಿನಲ್ಲಿ ಕೀರೆ ಸೊಪ್ಪಿನವಳ ಹತ್ತಿರ ಚೌಕಾಸಿಯನ್ನೂ ಮಾಡಬಲ್ಲರು. ಎಲ್ಲಿ ನುಂಗಿಬಿಡುತ್ತಾರೋ ಎಂದು ನೋಡುವವರ ಎದೆ ಹೊಡೆದುಕೊಳ್ಳಬೇಕು, ಅಷ್ಟೆ.

ಅವರು ನನಗೆ ಸಂಬಂಧಿಕರೇನಲ್ಲ. ನಾನು ಮದುವೆಯಾಗಿ ಹಾಸನದ ಕಡೆಯಿಂದ ಮದರಾಸಿಗೆ ಬಂದಾಗ ತ್ರಿಪ್ಲಿಕೇನಿನ ಒಂದು ಇಕ್ಕಟ್ಟು ಬೀದಿಯಲ್ಲಿ ಮಹಡಿಯ ಪೋರ್ಷನ್ ನಮ್ಮದಾಯಿತು, ಕೆಳಗಿನದು ಅವರದು. ಮೂರು ತಲೆಮಾರಿನಿಂದ ಅಲ್ಲೇ ನೆಲೆನಿಂತ ಮಾಧ್ವರು. ಮನೆಯಲ್ಲಿ ಕನ್ನಡ, ಆದರೆ ಅರ್ಧಕ್ಕರ್ಧ ತಮಿಳು ಸುರಿದ ಕನ್ನಡ. ಮಾಮಿ ಹುಡುಗಿಯರ ಶಾಲೆಯೊಂದರಲ್ಲಿ ಚರಿತ್ರೆ, ಪೌರನೀತಿ ಹೇಳಿಕೊಡುತ್ತಿದ್ದರು. ಮಾಮಾ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಪೆನ್ಷನ್ನಿಗೆ ಇನ್ನೇನು ಒಂದೆರಡು ವರ್ಷ ಇತ್ತು. ಮಕ್ಕಳಿರಲಿಲ್ಲ.

ಮಾಮಿಯನ್ನು ಧೈರ್ಯವಂತೆ ಎಂದು ನಾನು ಬರೆದರೆ ಮೊದಲು ತಿದ್ದುವವರು ಅವರೇ. ಜಿರಲೆ ಕಂಡರೆ ಸ್ಟೂಲು ಹತ್ತುವವರು ಅವರು. ಅಷ್ಟು ಹತ್ತಿರ ಸಮುದ್ರವಿದ್ದೂ ಒಂದು ದಿನ ಕಾಲು ನೆನೆಸಿದವರಲ್ಲ. ಬಾಗಿಲಲ್ಲಿ ಟೆಲಿಗ್ರಾಂ ಎಂಬ ಕೂಗು ಕೇಳಿದರೆ ಅಡಿಗೆಮನೆಯಲ್ಲಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಆದರೆ ಯಾರಾದರೂ ಒಂದು ಸಂಗತಿಯನ್ನು ಉಬ್ಬಿಸಿ ಹೇಳಿದರೂ ಅವರಿಗೆ ಆಗದು, ತಗ್ಗಿಸಿ ಹೇಳಿದರೂ ಆಗದು. "ಬೈಯೋದೂ ಬೇಡ, ಹೊಗಳೋದೂ ಬೇಡ. ಇದ್ದ ಹಾಗೆ ಹೇಳಿ, ಪೋದುಂ, ಅಷ್ಟು ಸಾಕು," ಎನ್ನುವರು. ನನ್ನ ಸಾರಿನ ವಿಷಯದಲ್ಲೂ ಇದೇ ನ್ಯಾಯ. "ಕೆಟ್ಟದಾಗಿಲ್ಲ. ಒಳ್ಳೇದೂ ಆಗಿಲ್ಲ ಹುಡುಗೀ."

ನಾನು ಹೇಳಹೊರಟಿರುವುದು ಎಪ್ಪತ್ತಾರರ ನವರಾತ್ರಿಯ ಮಾತು. ತುರ್ತು ಪರಿಸ್ಥಿತಿ ಬಂದು ವರ್ಷದ ಮೇಲಾಗಿತ್ತು. ಮದರಾಸಿಗೆ ಅದರ ಬಿಸಿ ಪೂರ್ತಿ ತಟ್ಟಿದ್ದು ಆ ವರ್ಷದ ಮೊದಲಿಗೆ, ರಾಜ್ಯದ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಡಳಿತ ತಂದಾಗ. ಅದುವರೆಗೆ ಜಗುಲಿಯ ಮೇಲೆ ಕೂತು ಲೋಕವನ್ನೆಲ್ಲ ಬಯ್ಯುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಒಳಗೆ ಸೇರಿಕೊಂಡರು. ಪಕ್ಕದ ಮೆಸ್ಸಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಟ್ಯುಟೋರಿಯಲ್ ಮೇಷ್ಟರು ಒಂದು ದಿನ ಬರಲಿಲ್ಲ. ಮೆಸ್ಸಿನವನು ಅವರ ತಟ್ಟೆಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟ. ಯಾರೂ ಯಾಕೆ ಎಂದು ಕೇಳಲಿಲ್ಲ. ನಾವೂ ಕೇಳಲಿಲ್ಲ. ಮಾಮನ ಆಫೀಸಿನಲ್ಲಿ ಐವತ್ತು ದಾಟಿದವರನ್ನು ಕಾರಣ ಹೇಳದೆ ಮನೆಗೆ ಕಳಿಸುತ್ತಿದ್ದರು. ಮಾಮಾ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಆವತ್ತಿನ ದಿನ ಹೇಗಿತ್ತೆಂದು ಮಾಮಿಗೆ ಗೊತ್ತಾಗುತ್ತಿತ್ತು.

ಅವರ ಮನೆಯ ಗೊಂಬೆ ಹಬ್ಬ ಇಡೀ ಬೀದಿಗೆ ಹೆಸರುವಾಸಿ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ, ದಶಾವತಾರ, ಬ್ಯಾಂಡ್ ಸೆಟ್ಟು, ಕ್ರಿಕೆಟ್ ಟೀಮು; ಕೆಳಗೆ ನೆಲದ ಮೇಲೆ ಮರಳು ಹಾಸಿ, ಸಾಸಿವೆ ಮೊಳಕೆಯ ಹುಲ್ಲುಹಾಸು ಬೆಳೆಸಿ, ವರ್ಷಕ್ಕೊಂದು ಹೊಸ ನೋಟ. ಒಂದು ವರ್ಷ ತಾಂಬರಂ ರೈಲು, ಇನ್ನೊಂದು ವರ್ಷ ಲೈಟ್‌ಹೌಸು. ಆ ವರ್ಷ ಮಾಮಿ ಮಾಡಹೊರಟಿದ್ದು ಭಾರತ ಸರ್ಕಾರ.

ಅದಕ್ಕೊಂದು ಕಾರಣವಿತ್ತು. ತರಗತಿಯಲ್ಲಿ ಶಾಸನ ಸಭೆಯ ಪಾಠ ಬಂದಾಗ ಒಂದು ಹುಡುಗಿ ಎದ್ದು, "ನಮ್ಮ ಶಾಸನ ಸಭೆ ಈಗ ಎಲ್ಲಿ ಟೀಚರ್?" ಎಂದು ಕೇಳಿದಳಂತೆ. ಹೆಡ್‌ಮಿಸ್ಟ್ರೆಸ್ಸು ಮಾಮಿಯನ್ನು ಕರೆದು, ಆ ಪಾಠ ಈ ವರ್ಷ ಹಾರಿಸಿಬಿಡಿ ಎಂದರಂತೆ. ಮಾಮಿ ಶರಿ ಎಂದು ತಲೆಯಾಡಿಸಿ ಮನೆಗೆ ಬಂದು, ಮಿಠಾಯಿಯ ದುಂಡು ಡಬ್ಬಿಗೆ ಸುತ್ತಲೂ ಕಂಬ ಅಂಟಿಸಿ ಪಾರ್ಲಿಮೆಂಟು ಮಾಡತೊಡಗಿದರು.

ನಾನು ಅಂಟು ಕಲಸಿಕೊಟ್ಟೆ. ಡಬ್ಬಿಯ ಒಂದು ಪಕ್ಕ ರಾಷ್ಟ್ರಪತಿ ಭವನ, ಇನ್ನೊಂದು ಪಕ್ಕ ಸುಪ್ರೀಂ ಕೋರ್ಟು. ಕೋರ್ಟಿನ ಪೆಟ್ಟಿಗೆ ಸ್ವಲ್ಪ ಚಿಕ್ಕದಾಯಿತೆಂದು ಬಿಚ್ಚಿ ಮತ್ತೆ ಮಾಡಿದರು. "ಮೂರೂ ಒಂದೇ ಎತ್ತರ ಇರ್ಬೇಕು ಕಣೇ. ಹಾಗಂತ ಬರೆದಿದೆ." ಈ ಕಡೆ ಮದರಾಸಿನ ಕೋಟೆ, ರಾಜ್ಯದ ಶಾಸನ ಸಭೆ ಸೇರುವ ಜಾಗ. ಅದರೊಳಗೆ ಬೆಂಕಿಪೆಟ್ಟಿಗೆಗೆ ಕೆಂಪು ಕಾಗದ ಸುತ್ತಿದ ಕುರ್ಚಿಗಳು, ಸಾಲುಸಾಲಾಗಿ. ದಿಲ್ಲಿಯಲ್ಲಿ ಗೊಂಬೆಗಳು ಕೂತವು, ರಾಜ್ಯಪಾಲರ ಬಂಗಲೆಯಲ್ಲಿ ಪೇಟದ ಗೊಂಬೆ ಕೂತಿತು. ಕೋಟೆಯ ಕುರ್ಚಿಗಳು ಮಾತ್ರ ಖಾಲಿ ಉಳಿದವು.

"ಇಲ್ಲಿಗೆ ಗೊಂಬೆ ಮಾಮಿ?"

"ಈಗ ಅಲ್ಲಿ ಯಾರಿದಾರೆ, ಇಡೋಕೆ?" ಎಂದರು ಪಿನ್ನುಗಳ ನಡುವಿನಿಂದ.

ನಾನು ಎದ್ದು ಬೀದಿಬಾಗಿಲನ್ನು ಮುಂದಕ್ಕೆ ಮಾಡಿ ಬಂದೆ. ಮಾಮಿ ಒಂದೇ ಕುರ್ಚಿಯನ್ನು ಎರಡೆರಡು ಸಲ ನೇರ ಮಾಡುತ್ತಿದ್ದರು.

ಮೂರನೆಯ ಸಂಜೆ ಅರಿಶಿನ ಕುಂಕುಮಕ್ಕೆ ಮಾಮನ ಆಫೀಸರ ಹೆಂಡತಿ ಬಂದರು. ಧಾರವಾಡ ಕಡೆಯವರು, ದೊಡ್ಡ ಜರಿಯ ಸೀರೆ, ದೊಡ್ಡ ನಗು. ಬಗ್ಗಿ ನೋಡಿ, "ಭಾಳ ಛಂದ ಮಾಡೀರಿ ಟೀಚರ್. ಆದ್ರ ಇಲ್ಲಿ ಕುರ್ಚಿ ಎಲ್ಲಾ ಖಾಲಿ ಅದಾವಲ್ರೀ! ಗೊಂಬಿ ಸಾಲಲಿಲ್ಲೇನು?" ಎಂದು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಕೋಟೆಯ ಮೇಲೆ ಹಾರಿಸಿದ್ದ ಬಾವುಟ ನೋಡಿ ಅದು ಯಾವ ಕಟ್ಟಡವೆಂದು ಅವರಿಗೆ ಹೊಳೆಯಿತು. ನಗು ಹಾಗೇ ನಿಂತಿತು. ಕಡಲೆ ಸುಂಡಲ್ ತಿನ್ನದೆ ಪೊಟ್ಟಣ ಕಟ್ಟಿಸಿಕೊಂಡು, "ನಮ್ಮನಿಯವರು ಕಾಯ್ತಿರ್ತಾರ," ಎಂದು ಎದ್ದುಹೋದರು.

ಮಾರನೆಯ ಬೆಳಿಗ್ಗೆ ಕೆಳಗಿನಿಂದ ಮಾಮನ ದನಿ. ಜಗಳವೂ ಗುಟ್ಟಾಗಿಯೇ ನಡೆಯಬೇಕಾದ ಕಾಲ, ಪಿಸುಗುಟ್ಟುತ್ತಲೇ ಕೂಗಾಡುತ್ತಿದ್ದರು. ಬಾವಿಗೆ ಹೊರಟಿದ್ದ ನನ್ನನ್ನೇ ನ್ಯಾಯಕ್ಕೆ ಕರೆದರು.

"ನೋಡಮ್ಮಾ, ನೀನೇ ಹೇಳು. ಇಟ್ಟ ಗೊಂಬೆ ದಶಮಿ ತನಕ ತೆಗೀಬಾರ್ದು, ಒಪ್ಪಿದೆ. ಇನ್ನೊಂದಷ್ಟು ಸೇರಿಸಬಾರ್ದು ಅಂತ ಯಾವ ಶಾಸ್ತ್ರದಲ್ಲಿದೆ? ಮೇಲೆ ಕ್ರಿಕೆಟ್ ಟೀಮ್ ಸುಮ್ನೆ ನಿಂತಿದೆ."

"ಅಸೆಂಬ್ಲಿಗೆ ಬ್ಯಾಟ್ ಹಿಡ್ಕೊಂಡು ಹೋಗ್ತಾರಾ ಯಾರಾದ್ರೂ?" ಎಂದರು ಮಾಮಿ.

"ಬ್ಯಾಂಡ್ ಸೆಟ್ ಇಡು ಹಾಗಾದ್ರೆ! ಯಾರಾದ್ರೂ ಕೂತ್ರೆ ಸಾಕು ನನಗೆ!"

"ಏನೂಂದ್ರೆ, ನಿನ್ನೆ ಖಾಲಿ ನೋಡಿದ ಮಕ್ಕಳು ಇವತ್ತು ಬಂದು, ಯಾವಾಗ ಎಲೆಕ್ಷನ್ ಆಯ್ತು ಟೀಚರ್ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಮಾಮಾ, "ನನ್ನ ಕೆಲಸ ಹೋದ್ರೆ ಏನು ಹೇಳ್ತೀ?" ಎಂದರು. ಮಾಮಿ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಮೇಲಿಟ್ಟರು. ಹಾಗೆ ಬರಿ ಬಾಯಲ್ಲಿ ಕೂತ ಅವರನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಕುರ್ಚಿಗಳು ಖಾಲಿಯೇ ಉಳಿದವು. ಮಾಮಾ ತಾವೇ ಎರಡು ಗೊಂಬೆ ಇಟ್ಟುಬಿಡಬಹುದಿತ್ತು. ಅವರೂ ಇಡಲಿಲ್ಲ.

ಸರಸ್ವತಿ ಪೂಜೆಯ ಹಿಂದಿನ ಸಂಜೆ ಬಾಗಿಲಲ್ಲಿ ಬೂಟಿನ ಸದ್ದು. ಠಾಣೆಯ ಏಟಯ್ಯ, ಅಂದರೆ ಹೆಡ್ ಕಾನ್‌ಸ್ಟೇಬಲ್ಲು. ಹಾಡು ಹೇಳುತ್ತಿದ್ದ ಹುಡುಗಿ ಅರ್ಧ ಸಾಲಿಗೆ ನಿಲ್ಲಿಸಿದಳು. ಅವರ ಹಿಂದಿನಿಂದ ಹೆಂಡತಿ, ಮಗಳು ಕಾಣಿಸಿಕೊಂಡರು. ಮಗಳು ಮಾಮಿಯ ಶಾಲೆಯವಳೇ. "ಟೀಚರ್ ಮನೆ ಗೊಂಬೆ ಕೊಲು ನೋಡಲೇಬೇಕು ಅಂತ ಒಂದೇ ಹಟ," ಎಂದರು ಏಟಯ್ಯನ ಹೆಂಡತಿ ತಮಿಳಿನಲ್ಲಿ. ಮಾಮಾ ಎದ್ದು ನಿಂತವರು ಕೂರುವುದನ್ನೇ ಮರೆತರು. ಏಟಯ್ಯ ಟೋಪಿ ಕಂಕುಳಲ್ಲಿಟ್ಟುಕೊಂಡು ಮರಳಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ದಿಲ್ಲಿಯಿಂದ ನೋಡುತ್ತಾ ನೋಡುತ್ತಾ ಮದರಾಸಿಗೆ ಬಂದರು.

"ಇದು ಕೋಟೆಯಾ?"

"ಹೌದು ಸಾರ್."

"ಯಾರೂ ಇಲ್ಲ?"

ಮಾಮಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ವಾಲಿ, ಅರ್ಧ ಕುಂಕುಮ ಮಡಿಲಿಗೆ ಬಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಶಾಲೆಯ ದನಿ. "ಈಗ ರಾಷ್ಟ್ರಪತಿ ಆಡಳಿತ ಸಾರ್. ಅದಕ್ಕೂ ಸಂವಿಧಾನದಲ್ಲಿ ಜಾಗ ಇದೆ. ರಾಜ್ಯಪಾಲರು ನೋಡ್ಕೊಳ್ತಾರೆ, ಅದೋ ಅಲ್ಲಿದಾರೆ. ಚುನಾವಣೆ ಆದ ಮೇಲೆ ಇಲ್ಲಿ ಜನ ಬಂದು ಕೂರ್ತಾರೆ. ನಾನು ಹೇಳಿದ್ದರಲ್ಲಿ ತಪ್ಪಿದೆಯಾ?"

ಏಟಯ್ಯ ಸುಂಡಲ್ ತಿಂದರು. ಇನ್ನೊಂದು ಹಿಡಿ ಕೇಳಿ ಹಾಕಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ಬೂಟಿಗೆ ಲೇಸು ಕಟ್ಟುತ್ತಾ ಹೇಳಿದರು: "ಎಲ್ಲಾ ಮಾಡಿದ್ದೀರಿ. ನಮ್ಮ ಸ್ಟೇಷನ್ ಮಾತ್ರ ಕಾಣಲಿಲ್ಲ."

"ಜಾಗ ಸಾಲಲಿಲ್ಲ ಸಾರ್," ಎಂದರು ಮಾಮಿ, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಆ ಒಂದು ಮಾತನ್ನು ನಾವು ಎಷ್ಟು ಬಗೆಯಲ್ಲಿ ಬಗೆದು ನೋಡಿದೆವೋ! ತಮಾಷೆಗೆ ಹೇಳಿದರು ಎಂದು ನನ್ನ ಯಜಮಾನರು. ಬೆದರಿಕೆ ಎಂದು ಮಾಮಾ. ಪಾಪ, ಅವರ ಇಲಾಖೆ ಬಿಟ್ಟುಹೋಯಿತಲ್ಲ ಎಂದು ನಿಜವಾಗಿ ಬೇಜಾರಾಗಿರಬಹುದು ಎಂದು ಮಾಮಿ. ದಶಮಿಯ ದಿನ ಶಾಸ್ತ್ರಕ್ಕೆ ಒಂದು ಗೊಂಬೆಯನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಬಟ್ಟೆ ಸುತ್ತಿ ಪೆಟ್ಟಿಗೆಗೆ ತುಂಬಿದೆವು. ಬೀದಿಯಲ್ಲಿ ಜೀಪು ನಿಂತರೆ ಮಹಡಿಯಲ್ಲಿ ನಾನು, ಕೆಳಗೆ ಅವರು, ಅದು ಮುಂದೆ ಹೋಗುವುದನ್ನು ಕಾಯುತ್ತಿದ್ದೆವು. ದೀಪಾವಳಿ ಕಳೆಯಿತು. ಏನೂ ಆಗಲಿಲ್ಲ. ಮಾಮಿಯ ಬಾಯಿಗೆ ಪಿನ್ನುಗಳು ವಾಪಸು ಬಂದವು.

ಮಾರ್ಗಶಿರದ ಚಳಿಯಲ್ಲಿ ಒಂದು ಮಧ್ಯಾಹ್ನ ಮಾಮಾ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ಸಾರ್ವಜನಿಕ ಹಿತದೃಷ್ಟಿಯಿಂದ ನಿಮ್ಮನ್ನು ನಿವೃತ್ತಿಗೊಳಿಸಲಾಗಿದೆ, ಅಷ್ಟೇ ಒಕ್ಕಣೆ. ಯಾಕೆ ಎಂದು ಇಲ್ಲ. ಕೇಳುವ ಹಾಗೂ ಇಲ್ಲ. ಅದೇ ವಾರ ಅವರ ಆಫೀಸಿನಲ್ಲಿ ಇನ್ನೂ ಕೆಲವರಿಗೆ ಹೀಗೇ ಆಗಿತ್ತು. ಗೊಂಬೆ ಇಡದವರಿಗೂ ಆಗಿತ್ತು. ಹಾಗಾದರೆ ಇದು ಆಫೀಸರ ಹೆಂಡತಿಯಿಂದ ಬಂದದ್ದೋ, ಠಾಣೆಯಿಂದ ಬಂದದ್ದೋ, ಸುಮ್ಮನೆ ವಯಸ್ಸಿನಿಂದ ಬಂದದ್ದೋ? ಆ ಕಾಲದ ಭಯ ಇದ್ದದ್ದೇ ಹೀಗೆ. ಹೊಡೆದ ಕೈ ಕಾಣಿಸುತ್ತಿರಲಿಲ್ಲ, ಹಾಗಾಗಿ ಎಲ್ಲ ಕೈಗಳನ್ನೂ ನೋಡಿ ಬೆಚ್ಚಬೇಕಾಗುತ್ತಿತ್ತು. ಮಾಮಿ ಮಾತ್ರ ತಮ್ಮ ಕೈಯನ್ನೇ ನೋಡಿಕೊಂಡರು.

ತ್ರಿಪ್ಲಿಕೇನಿನ ಬಾಡಿಗೆ ಕಟ್ಟಲಾಗದೆ ಅವರು ತಾಂಬರಂನ ಆಚೆ ಒಂದು ಸಣ್ಣ ಮನೆಗೆ ಹೋದರು. ಮಾಮಿ ದಿನಾ ಎಲೆಕ್ಟ್ರಿಕ್ ರೈಲಿನಲ್ಲಿ ಶಾಲೆಗೆ ಬಂದುಹೋಗುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಜನ ಜಗುಲಿಗೆ ಮರಳಿದರು, ದನಿಗಳು ಎದ್ದವು. ಒಂದು ದಿನ ನಮ್ಮ ಮನೆಯಲ್ಲೇ ಯಾರೋ, "ಈ ದೇಶದಲ್ಲಿ ಕೋರ್ಟು, ಕಚೇರಿ, ಪಾರ್ಲಿಮೆಂಟು ಎಲ್ಲಾ ಕಳ್ಳರ ಸಂತೆ," ಎಂದಾಗ ಮಾಮಿಗೆ ರೇಗಿಹೋಯಿತು. "ಎಲ್ಲಾ ಅಂತ ಯಾಕೆ ಹೇಳ್ತೀರಿ? ಎಲೆಕ್ಷನ್ ಇಟ್ಟರಲ್ಲ, ಎಣಿಸಿದರಲ್ಲ, ಸೋತವರು ಇಳಿದರಲ್ಲ? ಅದನ್ನೂ ಹೇಳಿ. ನಮ್ಮೆಜಮಾನ್ರ ಕೆಲಸ ತೆಗೆದಿದ್ದು ಅನ್ಯಾಯ. ಅದನ್ನೂ ಹೇಳಿ."

ಆದರೆ ರಾತ್ರಿ ಮಾಮಿಗೆ ನಿದ್ದೆ ಬರುತ್ತಿರಲಿಲ್ಲ. ಮಾಮಾ ಕೊಟ್ಟ ಅರ್ಜಿಗಳಿಗೆ ಉತ್ತರ ಬಂದರೂ ಕಾರಣ ಬರಲಿಲ್ಲ. "ನಿನ್ನಿಂದ ಅಲ್ಲ ಕಣೇ," ಎಂದು ಮಾಮಾ ಎಷ್ಟೋ ಸಲ ಹೇಳಿದ್ದರಂತೆ. ನೆಂಟರು ಹೇಳಿದರು, ಶಾಲೆಯವರು ಹೇಳಿದರು. ಪ್ರತಿಸಲವೂ ಮಾಮಿ ಹ್ಞೂಂ ಎಂದು ಆ ಕಡೆ ಮಗ್ಗುಲಾಗುತ್ತಿದ್ದರಂತೆ.

ಅವರು ತೀರಿಕೊಳ್ಳುವ ಮೊದಲು ನಾನು ಕಡೆಯ ಸಲ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಹೊಟ್ಟೆಯ ಕಾಯಿಲೆ, ಮಾಮಿ ಹಾಸಿಗೆಯಲ್ಲಿ ಅರ್ಧವಾಗಿದ್ದರು. ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಹುಡುಗೀ, ನೀನು ಅಲ್ಲೇ ಇದ್ದೆ. ಎಲ್ಲಾ ನೋಡಿದೀ. ಅವರ ಕೆಲ್ಸ ಹೋಗಿದ್ದು ನನ್ನಿಂದಾನಾ?"

ಇಲ್ಲ ಎನ್ನುವುದು ನಾಲಗೆಯ ಮೇಲೇ ಇತ್ತು. ಸಾಯುವವರಿಗೆ ಅದಕ್ಕಿಂತ ಬೇರೇನು ಹೇಳುತ್ತಾರೆ? ಆದರೆ ಅವರು ನನ್ನ ಮುಖವನ್ನು ತರಗತಿಯಲ್ಲಿ ನೋಡುವ ಹಾಗೆ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಆ ವರ್ಷದ ಜೀಪುಗಳಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಕಣ್ಣುಗಳಿಗೆ ಹೆದರಿದೆ.

"ಗೊತ್ತಿಲ್ಲ ಮಾಮಿ," ಎಂದೆ. "ಇರಬಹುದು. ಇಲ್ಲದೇ ಇರಬಹುದು."

ಮುಂಗೈಯ ಹಿಡಿತ ಸಡಿಲವಾಯಿತು. "ಅಪ್ಪಾ! ಎಲ್ಲರೂ ಇಲ್ಲ ಇಲ್ಲ ಅಂತಾರೆ, ಏನೋ ಗೊತ್ತಿರೋರ ಹಾಗೆ. ನನಗೊಬ್ಬಳಿಗೇ ಗೊತ್ತಿಲ್ಲವೇನೋ ಅಂದ್ಕೊಂಡಿದ್ದೆ." ಆಮೇಲೆ, "ಕಾಫಿ ಕುಡಿದೇ ಹೋಗು. ಡಿಕಾಕ್ಷನ್ ಸುಮಾರಾಗಿದೆ," ಎಂದು ಕಣ್ಣು ಮುಚ್ಚಿದರು.

ಮಾಮಾ ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡಿದ್ದರು. ರೈಲು ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬಂದರು, ಒಂದು ಮಾತೂ ಆಡಲಿಲ್ಲ. ಕೋಪ ಬಂದಿದೆಯೆಂದು ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ರೈಲು ಬಂದು ನಿಂತಾಗ ಅವರು ನನ್ನ ಚೀಲವನ್ನು ಒಳಗೆ ಕೊಟ್ಟು, ಕಿಟಕಿಯ ಸರಳು ಹಿಡಿದು ಹೇಳಿದರು:

"ಇವತ್ತು ಅವಳು ನಿದ್ದೆ ಮಾಡ್ತಾಳೆ."