ಉಪ್ಪಿಗೆ ಎರಡು ತೂಕ

ಜಾಲಹಳ್ಳಿಯ ಕೆಮಿಕಲ್ ಗೋಡೌನಿನಲ್ಲಿ, ಲ್ಯಾಬುಗಳಿಗೆ ಹೋಗುವ ಉಪ್ಪನ್ನು ಬಾಟ್ಲಿಗೆ ತುಂಬಿ ಲೇಬಲ್ ಅಂಟಿಸುವ ಕೆಲಸಕ್ಕೆ ಸೇರಿದ ಹೊಸತು. ತೂಕ ಕಮ್ಮಿ ಬಂತೆಂದು ನನಗಿಂತ ಮುಂಚಿನವಳನ್ನು ಮನೆಗೆ ಕಳಿಸಿದ್ದರು. ನಾನು ತುಂಬಿದ್ದು ಅರ್ಧ ಕೆಜಿ. ಲೇಬಲ್ಲಿನಲ್ಲಿ ಮಾತ್ರ ‘ಮೋಲ್ ವೇಟ್ 58.44’ ಅಂತಿತ್ತು.

“ಏನ್ ಸಾರ್ ಇದು? ನಾಳೆ ನನ್ನ ತಲೆಗೆ ಕಟ್ಟೋಕಾ?” ಎಂದು ಸೂಪರ್‌ವೈಸರನ್ನು ಕೇಳಿದೆ.

“ಅದು ಬಾಟ್ಲಿ ತೂಕ ಅಲ್ಲಮ್ಮ, ಉಪ್ಪಿನ ಅಣುವಿಂದು. ಕಾರ್ಬನ್ ಪರಮಾಣುವನ್ನ ಹನ್ನೆರಡು ಅಂತ ಇಟ್ಕೊಂಡು, ಅದಕ್ಕೆ ಹೋಲಿಸಿ ಹೇಳೋದು.”

“ಹನ್ನೆರಡು ಅಂತ ಇಟ್ಕೊಂಡಿದ್ದು ಯಾರು?”

“ವಿಜ್ಞಾನಿಗಳೆಲ್ಲಾ ಸೇರಿ ಒಪ್ಕೊಂಡಿದ್ದಾರೆ ಕಣಮ್ಮ.”

“ನನ್ನನ್ನ ಯಾರೂ ಕೇಳ್ಲಿಲ್ಲ.”

ಅಣುವಿನ ತೂಕವನ್ನು ಅವರೇ ಇಟ್ಟುಕೊಳ್ಳಲಿ. ನನ್ನ ಉಪ್ಪನ್ನು ಮಾತ್ರ ಸೂಪರ್‌ವೈಸರ್ ಕಣ್ಣೆದುರೇ ಮತ್ತೆ ತೂಗಿ, ಐನೂರು ಗ್ರಾಂ ಎಂದು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಲೇಬಲ್ ಅಂಟಿಸಿದೆ.