ಗಣಕ ಹೊಡೆದ ಗಂಟೆ

ನಮ್ಮ ಕೊಟ್ಟೂರಿನ ಜನಕ್ಕೆ, ಯಾರಾದರೂ ಮಾತಾಡತೊಡಗಿದರೆ ಕತ್ತನ್ನು ಒಂದಿಷ್ಟು ವಾಲಿಸಿ ಕೇಳುವ ಅಭ್ಯಾಸವಿದೆ. ಬೇಕಾದರೆ ನೀವೇ ಬಸ್ ನಿಲ್ದಾಣದಲ್ಲಿ ನಿಂತು ಪರೀಕ್ಷಿಸಿ: ಕೂಡ್ಲಿಗಿ ಬಸ್ಸು ಹೋಯಿತೇ ಎಂದು ಕೇಳಿದರೆ ಎದುರಿನವರ ತಲೆ ಮೊದಲು ಎರಡು ಬೆರಳಿನಷ್ಟು ವಾಲುತ್ತದೆ, ಉತ್ತರ ಆಮೇಲೆ ಬರುತ್ತದೆ. ಇದನ್ನು ನಾನು ಬಹುಕಾಲ ದೌರ್ಬಲ್ಯವೆಂದೇ ಎಣಿಸಿದ್ದೆ. ಚರ್ಚಾಸ್ಪರ್ಧೆಯ ಗರಡಿಯಲ್ಲಿ ಪಳಗಿದವನು ನಾನು. ಅಲ್ಲಿಯ ಮೊದಲ ಪಾಠವೇ ಕತ್ತು ನೆಟ್ಟಗಿರಲಿ ಎಂಬುದು. ವಾಲಿದ ತಲೆ ಒಪ್ಪಿಗೆಯಂತೆ ಕಾಣುತ್ತದೆ, ಮತ್ತು ಎದುರಾಳಿಯ ಮಾತನ್ನು ಒಪ್ಪಿಕೊಂಡವನಿಗೆ ಬಹುಮಾನ ಕೊಟ್ಟ ತೀರ್ಪುಗಾರರನ್ನು ನಾನಂತೂ ಕಂಡಿಲ್ಲ.

ಇಂಥ ನನಗೆ ಹಳೆಯ ಮನೆಗಣಕಗಳನ್ನು ಕೂಡಿಡುವ ಹವ್ಯಾಸ ಹತ್ತಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಊರೂರಿಗೂ ಬಂದಿರುವ, ಮೇಜಿನ ಮೇಲೊಂದು ಕೆಳಗೊಂದು ಪೆಟ್ಟಿಗೆಯಿಟ್ಟುಕೊಂಡು ಗುರುಗುಡುವ ಕಂಪ್ಯೂಟರುಗಳ ಮಾತಲ್ಲ ಇದು. ಅವುಗಳ ಹಿಂದಿನ ತಲೆಮಾರಿನದು. ಅಲ್ಲಿ ಕೀಲಿಮಣೆಯೇ ಕಂಪ್ಯೂಟರು, ಮನೆಯ ಟಿವಿಯೇ ಪರದೆ, ಬರೆದದ್ದನ್ನು ಉಳಿಸಿಡಲು ಹಾಡು ಕೇಳುವ ಟೇಪ್‌ರೆಕಾರ್ಡರು. ಪ್ರೋಗ್ರಾಮು ಎನ್ನುವುದು ಕ್ಯಾಸೆಟ್ಟಿನಲ್ಲಿ ಸದ್ದಿನ ರೂಪದಲ್ಲಿ ಕುಳಿತಿರುತ್ತದೆ. ಆ ಸದ್ದು ಹೇಗಿರುತ್ತದೆಂದರೆ, ತಗಡಿನ ಮೇಲೆ ಮೊಳೆ ಎಳೆಯುವವನೊಬ್ಬ, ಅವನ ಪಕ್ಕದಲ್ಲಿ ನೂರು ಜೀರುಂಡೆ. ಮನುಷ್ಯರು ಕಿವಿ ಮುಚ್ಚಿಕೊಳ್ಳುವ ಈ ಕರ್ಕಶವನ್ನು ಗಣಕ ಮಾತ್ರ ಏಕಾಗ್ರತೆಯಿಂದ ಆಲಿಸಿ ಅರ್ಥ ಮಾಡಿಕೊಳ್ಳುತ್ತದೆ. ಚರ್ಚಾಪಟುವೊಬ್ಬನಿಗೆ ಇದಕ್ಕಿಂತ ಆದರ್ಶ ಶ್ರೋತೃ ಸಿಕ್ಕಾನೆ?

ನನ್ನ ಬಳಿ ಮೂರಿವೆ. ಒಂದು ಹರಪನಹಳ್ಳಿಯ ವೈದ್ಯರೊಬ್ಬರ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಗೆ ಪೀಠವಾಗಿತ್ತು. ಇನ್ನೊಂದನ್ನು ಹಡಗಲಿಯ ಮನೆಯೊಂದರಲ್ಲಿ ಟಿವಿ ಎತ್ತರವಾಗಲೆಂದು ಅದರಡಿಗೆ ಕೊಟ್ಟಿದ್ದರು. ಟಿವಿಯನ್ನು ಆಳಬೇಕಾದ ಯಂತ್ರ ಟಿವಿಯನ್ನು ಹೊತ್ತು ನಿಂತದ್ದನ್ನು ಕಂಡು ನನಗಾದ ಸಂಕಟ ಅಷ್ಟಿಷ್ಟಲ್ಲ. ಇವುಗಳ ಸೇವೆ ಸುಲಭದ್ದಲ್ಲ. ಒಂದೊಂದೇ ಗುಂಡಿಯನ್ನು ಕಿತ್ತು, ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಳಗೆ ಮನೆಮಾಡಿದ ಇರುವೆಗಳನ್ನು ಒಕ್ಕಲೆಬ್ಬಿಸಿ, ನಮ್ಮೂರಿನ ಏರುಪೇರಿನ ಕರೆಂಟು ತಾಗುವ ಮೊದಲು ಮೀಟರು ಹಿಡಿದು ನಾಡಿ ನೋಡಬೇಕು. ನನ್ನ ತಾಯಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತ, “ನಿನ್ನ ಮೈ ಒಂದಿನರ ಹಿಂಗ ತಿಕ್ಕೊಂಡಿದ್ದರ ಇಷ್ಟೊತ್ತಿಗೆ ಬೆಳ್ಳಗ ಆಕಿದ್ದಿ” ಎನ್ನುತ್ತಾಳೆ. ಪೂರ್ವಪಕ್ಷ ಪ್ರಬಲವಾಗಿದ್ದಾಗ ಮೌನವೇ ಲೇಸೆಂದು ನಾನು ಗುಂಡಿ ತಿಕ್ಕುವುದನ್ನು ಮುಂದುವರಿಸುತ್ತೇನೆ.

ಕೇಳಿದವರಿಗೆಲ್ಲ ಇದು ಪರಂಪರೆಯ ರಕ್ಷಣೆ ಎಂದು ಹೇಳುತ್ತಿದ್ದೆ. ಸೊಗಸಾದ ಪೀಠಿಕೆ, ನಿಜವಲ್ಲ, ಅಷ್ಟೆ. ನಿಜವಾದ ಕಾರಣ ಹಗೆ. ಮೂರನೆಯ ಗಣಕದ ಕಥೆ ಅಲ್ಲಿಂದಲೇ ಶುರು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಶಾಲೆಗೆ ಇಂಥದೊಂದು ಗಣಕ ಬಂದಿತ್ತು. ಅದನ್ನು ಮುಟ್ಟುವ ಧೈರ್ಯವಿದ್ದವರು ಗಣಿತದ ಗುರುಶಾಂತಪ್ಪ ಮೇಷ್ಟ್ರು ಒಬ್ಬರೇ. ನನಗೆ ಚರ್ಚೆ ಕಲಿಸಿದವರೂ ಅವರೇ. ಕೂಡ್ಲಿಗಿಯ ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಸಮಯದ ಬಗ್ಗೆ ಪ್ರತಿವರ್ಷ ಏಳುತ್ತಿದ್ದ ತಕರಾರನ್ನು ಮುಗಿಸಲು ಅವರು ಐದು ನಿಮಿಷಕ್ಕೆ ಪೀಂ ಎಂದು ಕೂಗುವ ಪ್ರೋಗ್ರಾಮು ಬರೆದು, ಗಣಕ, ಟಿವಿ, ಟೇಪ್‌ರೆಕಾರ್ಡರುಗಳನ್ನು ಬಸ್ಸಿನಲ್ಲಿ ಮದುವೆಯ ದಿಬ್ಬಣದಂತೆ ಸಾಗಿಸಿದರು. ವಿಷಯ, ವಿಜ್ಞಾನ ವರವೇ ಶಾಪವೇ. ನಾನು ವರದ ಪರ. ಉಳಿದವರು ವೇದಿಕೆಯ ಮೇಲಿದ್ದ ಒಬ್ಬೊಬ್ಬರನ್ನೂ ಹುದ್ದೆ ಸಮೇತ ಹೆಸರಿಸಿ ನಮಸ್ಕರಿಸಿದರು. ನಾನು ವಿಚಾರವಾದಿ, ಕಾಲಹರಣಕ್ಕೆ ವಿರೋಧಿ, ನಮಸ್ಕಾರವನ್ನೇ ಬಿಟ್ಟು ನೇರವಾಗಿ ವಾದಕ್ಕಿಳಿದೆ. ಆದರೂ ಬ್ರಹ್ಮಾಸ್ತ್ರದಂಥ ಕೊನೆಯ ಅಂಶಕ್ಕೆ ಬಾಯಿ ತೆರೆಯುವಷ್ಟರಲ್ಲಿ, ನಾನು ಯಾವುದನ್ನು ವರವೆಂದು ಹೊಗಳುತ್ತಿದ್ದೆನೋ ಆ ವಿಜ್ಞಾನವೇ ಪೀಂ ಎಂದಿತು. ಬಹುಮಾನ ಕಾನಹೊಸಹಳ್ಳಿಯ ಹುಡುಗಿಯೊಬ್ಬಳ ಪಾಲಾಯಿತು.

“ನಿಮ್ ಮಿಷಿನ್ನು ಮೋಸ ಮಾಡೇತಿ ಸರ್, ಐದು ನಿಮಿಷ ಆಗಿಲ್ಲ” ಎಂದು ಎಲ್ಲರೆದುರು ಕೂಗಾಡಿದೆ.

“ನಾ ಗಡಿಯಾರ ಹಿಡಿದು ನೋಡೀನೋ ತಮ್ಮಾ” ಎಂದರು ಮೇಷ್ಟ್ರು.

“ಹಂಗಾರ ನೀವ ಬೇಕಂತ ಕಡಿಮಿ ಮಾಡೀರಿ.”

ಅವರು ಟೇಪ್‌ರೆಕಾರ್ಡರಿನ ವೈರು ಸುತ್ತತೊಡಗಿದರು. ಉತ್ತರವಿಲ್ಲದ್ದನ್ನು ಗೆಲುವೆಂದು ಗಣಿಸುವ ತರಬೇತಿ ನನ್ನದು. ಮರುವರ್ಷದ ಸ್ಪರ್ಧೆಗೆ ಮತ್ತೆ ಹಿತ್ತಾಳೆಯ ಗಂಟೆ ಬಂತು. ಮೇಷ್ಟ್ರು ಆ ಕ್ಯಾಸೆಟ್ಟನ್ನು ಹೊರಗೆ ತೆಗೆಯಲೇ ಇಲ್ಲ, ನಾನು ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವರು ನಿವೃತ್ತರಾಗಿ ತಮ್ಮೂರು ಹಂಪಸಾಗರಕ್ಕೆ ಹೋದಾಗಲೂ ಬೀಳ್ಕೊಡುವವರ ನಡುವೆ ನಾನಿರಲಿಲ್ಲ. ಹತ್ತು ವರ್ಷ ಹೀಗೆ ಕಳೆಯಿತು. ಆದರೆ ನನ್ನ ನಂಬಿಕೆ ಅಚಲವಾಗಿತ್ತು: ಆ ಕ್ಯಾಸೆಟ್ಟು ಎಲ್ಲೋ ಇದೆ, ಅದನ್ನು ಓದಬಲ್ಲ ಗಣಕವೊಂದನ್ನು ಬದುಕಿಸಿಟ್ಟರೆ ಒಂದು ದಿನ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಬಹುದು.

ಶಾಲೆಯವರು ಗುಜರಿ ಹರಾಜು ಹಾಕಿದ ದಿನ ಆ ಅವಕಾಶವೂ ಒದಗಿತು. ಮುರಿದ ಬೆಂಚುಗಳಿಗೆ ಪೈಪೋಟಿಯಿತ್ತು. ಗಣಕ, ಟೇಪ್‌ರೆಕಾರ್ಡರು ಮತ್ತು ಮೇಷ್ಟ್ರ ಕೈಬರಹವಿದ್ದ ಕ್ಯಾಸೆಟ್ಟಿನ ಗಂಟಿಗೆ ನನ್ನ ಹೊರತು ಕೂಗುವವರಿರಲಿಲ್ಲ. ಜೀವನದಲ್ಲಿ ನಾನು ಅವಿರೋಧವಾಗಿ ಗೆದ್ದ ಏಕೈಕ ಸಂದರ್ಭವದು.

ಮನೆಗೆ ತಂದವನೇ ಉತ್ಸಾಹದಿಂದ ಎಲ್ಲವನ್ನೂ ತೊಳೆದು ಬಳಿದು ಸಜ್ಜುಗೊಳಿಸಿದೆ. ಟೇಪ್‌ರೆಕಾರ್ಡರಿನ ಹೆಡ್ಡು, ಎಂದರೆ ಟೇಪಿಗೆ ತಾಗಿ ಸದ್ದನ್ನು ಓದುವ ಪುಟ್ಟ ಲೋಹದ ತುಂಡು, ತುಸು ಸೊಟ್ಟಗಿತ್ತು. ಹೊಸ ಹಾಡಿನ ಕ್ಯಾಸೆಟ್ಟೊಂದನ್ನು ಹಾಕಿ, ಹಾಡು ತಿಳಿಯಾಗಿ ಕೇಳುವವರೆಗೆ ಅದರ ಸ್ಕ್ರೂ ತಿರುಗಿಸಿ, ಹೆಡ್ಡನ್ನು ನನ್ನ ಕತ್ತಿನಷ್ಟೇ ನೆಟ್ಟಗೆ ನಿಲ್ಲಿಸಿದೆ. ಬಳಿಕ ಮೇಷ್ಟ್ರ ಕ್ಯಾಸೆಟ್ಟು ಹಾಕಿದರೆ ಗಣಕ ಕಣ್ಣರಳಿಸಿ ಕೇಳಿತು, ಏನೂ ತಿಳಿಯಲಿಲ್ಲವೆಂದಿತು. ಸದ್ದು ಏರಿಸಿದೆ, ಇಳಿಸಿದೆ, ವೈರು ಬದಲಿಸಿದೆ, ಒಂದು ವಾರ ಹೀಗೇ. ಪ್ರತಿವಾದಿ ತನ್ನ ಸಾಕ್ಷ್ಯವನ್ನು ತಾನೇ ನಾಶಪಡಿಸಿದ್ದಾನೆಂದು ತೀರ್ಪು ಬರೆಯುವವನಿದ್ದೆ. ಅಷ್ಟರಲ್ಲಿ ಖಾಜಾಸಾಬರ ನೆನಪಾಯಿತು.

ಖಾಜಾಸಾಬರು ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ರೇಡಿಯೋ, ಟೇಪು, ಮೈಕುಗಳನ್ನು ರಿಪೇರಿ ಮಾಡುವವರು. ಗಣಕವನ್ನು ಅವರು ಎಂದೂ ಮುಟ್ಟಿರಲಿಲ್ಲ. ಆದರೂ ಎಲ್ಲವನ್ನೂ ಅವರ ಅಂಗಡಿಗೆ ಹೊತ್ತೊಯ್ದು, ಮೇಷ್ಟ್ರ ಜೊತೆಗಿನ ಜಗಳವನ್ನೂ ಹೇಳಿದೆ. ಕ್ಯಾಸೆಟ್ಟಿನ ಆ ಚೀತ್ಕಾರವನ್ನು ಅವರು ಕಣ್ಣುಮುಚ್ಚಿ ಒಂದು ನಿಮಿಷ ಕೇಳಿದರು, ಕತ್ತು ವಾಲಿಸಿ.

“ಈ ಸ್ಕ್ರೂ ಯಾರು ಮುಟ್ಟಿದ್ರು?”

“ನಾನ ರಿ. ಸೊಟ್ಟ ಇತ್ತು, ನೆಟ್ಟಗ ಮಾಡೀನಿ” ಎಂದೆ, ಶಹಭಾಸ್‌ಗಿರಿ ನಿರೀಕ್ಷಿಸುತ್ತ.

“ಸೊಟ್ಟ ಇದ್ದಾಗ ತುಂಬಿಸಿದ್ದನ್ನ ನೆಟ್ಟಗ ಕುಂತು ಕೇಳ್ತೀನಿ ಅಂದ್ರ ಹೆಂಗ ಆಕತಿ ತಮ್ಮಾ? ಅದು ಹೆಂಗ ವಾಲೇತಿ, ಇದನ್ನೂ ಹಂಗ ವಾಲಿಸ್ಬೇಕು.”

ತೆಳು ಸ್ಕ್ರೂಡ್ರೈವರನ್ನು ಕೂದಲೆಳೆಯಷ್ಟು ತಿರುಗಿಸಿದರು. ಮಂಕಾಗಿದ್ದ ಸದ್ದು ಚುರುಕಾಯಿತು, ಮತ್ತೂ ತಿರುಗಿಸಿದಾಗ ಕಿವಿ ಇರಿಯುವಷ್ಟು ಹರಿತವಾಯಿತು. “ಈಗ ಹಾಕು” ಎಂದರು. ಹಾಕಿದೆ. ಅಂಗಡಿಯ ಟಿವಿಯ ಮೇಲೆ ಮೇಷ್ಟ್ರ ಪ್ರೋಗ್ರಾಮು ಸಾಲುಸಾಲಾಗಿ ಮೂಡಿತು.

ಈ ಗಣಕಗಳ ದೊಡ್ಡ ಗುಣವೊಂದನ್ನು ನಾನಿಲ್ಲಿ ಒತ್ತಿ ಹೇಳಬೇಕು: ಇವು ಏನನ್ನೂ ಮುಚ್ಚಿಡುವುದಿಲ್ಲ, ಒಂದು ಆಜ್ಞೆಗೆ ತಮ್ಮ ಹೊಟ್ಟೆಯೊಳಗಿನದನ್ನೆಲ್ಲ ತೆರೆದು ತೋರಿಸುತ್ತವೆ. ತೋರಿಸಿತು. ಐದು ನಿಮಿಷ ತುಂಬುವವರೆಗೆ ಸುಮ್ಮನೆ ಅಂಕಿ ಎಣಿಸು ಎಂಬ ಸಾಲುಗಳಿದ್ದವು. ಅವುಗಳ ಕೆಳಗೆ, ಪೀಂ ಎನ್ನುವ ಮೊದಲು, ಇನ್ನೊಂದಿಷ್ಟು ಎಣಿಸು ಎಂಬ ಸಾಲು. ಅದರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೇಷ್ಟ್ರ ಟಿಪ್ಪಣಿ: ನಮಸ್ಕಾರಕ್ಕೆ.

ಗಡಿಯಾರ ಹಿಡಿದು ಮೂರು ಸಲ ಓಡಿಸಿದೆ. ಮೂರು ಸಲವೂ ಐದೂವರೆ ನಿಮಿಷ. ಮಕ್ಕಳು ಗಣ್ಯರಿಗೆ ನಮಸ್ಕರಿಸಲೆಂದು ಅರ್ಧ ನಿಮಿಷವನ್ನು ಮೇಷ್ಟ್ರು ತಾವಾಗಿ ಸೇರಿಸಿದ್ದರು. ನಮಸ್ಕರಿಸದ ನಾನು ಆ ಅರ್ಧ ನಿಮಿಷವನ್ನೂ ವಾದಿಸಿಯೇ ಮುಗಿಸಿದ್ದೆ. ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿ, ಕಡಿಮೆ ಸಿಕ್ಕಿತೆಂದು ಹತ್ತು ವರ್ಷ ಮುನಿದಿದ್ದೆ.

“ಯಾರು ಗೆದ್ರು?” ಎಂದರು ಖಾಜಾಸಾಬರು.

“ಮೇಷ್ಟ್ರು.”

“ಹಂಗಾರ ಚಾ ನೀನ ಹೇಳು.”

ಮರುದಿನವೇ ಗಣಕವನ್ನೂ ಸೊಟ್ಟ ಹೆಡ್ಡಿನ ಟೇಪ್‌ರೆಕಾರ್ಡರನ್ನೂ ಚೀಲದಲ್ಲಿ ತುಂಬಿಕೊಂಡು ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಂಪಸಾಗರಕ್ಕೆ ಹೋದೆ. ಮೇಷ್ಟ್ರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಬಸ್ಸಿನಲ್ಲಿ ಸಿದ್ಧಪಡಿಸಿದ್ದ ಕ್ಷಮಾಯಾಚನೆಯ ಭಾಷಣವನ್ನು ಬದಿಗಿಟ್ಟೆ. “ಸರ್, ಐದೂವರಿ ನಿಮಿಷ ಐತ್ರಿ. ತಪ್ಪು ನಂದು” ಎಂದಷ್ಟೇ ಅಂದೆ.

“ಅದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನಲೇ? ಒಳಗ ಬಾ” ಎಂದು ಶೇಂಗಾ ಬುಟ್ಟಿ ಎತ್ತಿಕೊಂಡರು.

ಅವರ ಟಿವಿಗೆ ಗಣಕ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ತುಂಬಿಸಿದೆ. ಅವರು ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ತಾವೇ ಗುಂಡಿ ಒತ್ತಿ, “ಹೇಳು ಈಗ. ಅವತ್ತು ಉಳಿದಿದ್ದ ಆ ದೊಡ್ಡ ಮಾತು ಏನಿತ್ತು?” ಎಂದರು.

ಎದ್ದು ನಿಂತೆ. ಕೈಮುಗಿದು, ಅಂದು ಬಿಟ್ಟಿದ್ದ ನಮಸ್ಕಾರವನ್ನು ಮೊದಲು ಸಲ್ಲಿಸಿದೆ. ಆಮೇಲೆ ಬ್ರಹ್ಮಾಸ್ತ್ರಕ್ಕಾಗಿ ತಡಕಾಡಿದೆ. ಇಲ್ಲ. ಗಣಕವನ್ನು ಕಾಪಾಡಿದ್ದೆ, ಕ್ಯಾಸೆಟ್ಟನ್ನು ಕಾಪಾಡಿದ್ದೆ, ಸಿಟ್ಟನ್ನಂತೂ ಧೂಳು ಕೂರದಂತೆ ಕಾಪಾಡಿದ್ದೆ. ಯಾವುದಕ್ಕಾಗಿ ಸಿಟ್ಟಾಗಿದ್ದೆನೋ ಆ ಮಾತು ಮಾತ್ರ ಎಲ್ಲೋ ಅಳಿಸಿಹೋಗಿತ್ತು.

“ಮರ್ತೇನಿ ಸರ್.”

ಮೇಷ್ಟ್ರು ಶೇಂಗಾ ಬುಟ್ಟಿ ಬೀಳುವಂತೆ ನಕ್ಕರು. ನಗು ನಿಂತ ಮೇಲೆ ತಾವೇ ಮಾತಿಗೆ ತೊಡಗಿದರು: ಆ ಪ್ರೋಗ್ರಾಮು ಬರೆಯಲು ಎಷ್ಟು ಭಾನುವಾರ ಬೇಕಾಯಿತು, ಟೇಪ್‌ರೆಕಾರ್ಡರನ್ನು ಯಾವ ಹುಡುಗ ಮೆಟ್ಟಿಲಿನಿಂದ ಬೀಳಿಸಿ ಸೊಟ್ಟಗೆ ಮಾಡಿದ, ಸ್ಪರ್ಧೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಏನು ಯೋಚಿಸಿದರು. ನಡುವೆ ಗಣಕ ಪೀಂ ಎಂದಿತು. ಅವರು ಅಭ್ಯಾಸಬಲದಿಂದ ಥಟ್ಟನೆ ಮಾತು ನಿಲ್ಲಿಸಿದರು.

“ನಿಲ್ಲಿಸಬ್ಯಾಡ್ರಿ ಸರ್, ಹೇಳ್ರಿ” ಎಂದೆ. ಪೀಂಗುಟ್ಟುತ್ತಿದ್ದ ಯಂತ್ರದ ಪಕ್ಕದಲ್ಲಿದ್ದ ಬೀರುವಿನ ಕನ್ನಡಿಯಲ್ಲಿ ನನ್ನ ಬಿಂಬ ಕಂಡಿತು. ಕತ್ತು ಎರಡು ಬೆರಳಿನಷ್ಟು ವಾಲಿತ್ತು. ನೆಟ್ಟಗೆ ಮಾಡಿಕೊಳ್ಳಲಿಲ್ಲ.